ಒಬ್ಬಳಿಗೇ ಬರೆಸಿದ ಪರೀಕ್ಷೆ

ಹೋದ ಜೂನ್ ತಿಂಗಳಲ್ಲಿ ಶಿಕ್ಷಕರ ತರಬೇತಿಗೆಂದು ಕುಂದಾಪುರದ ಬಳಿಯ ಆ ಕಾಲೇಜಿಗೆ ಹೋಗಬೇಕಾಯಿತು. ಓದು ಮುಗಿಸಿ ಹೊರಬಿದ್ದ ಮೇಲೆ ನಾನು ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಮಳೆ ಹಿಡಿದಿತ್ತು. ಕಚೇರಿಯ ಮುಂದಿನ ಜಗಲಿಯಲ್ಲಿ ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಯರು ಬೆಂಚುಗಳ ಮೇಲೆ ಒತ್ತಿಕೊಂಡು ಕೂತಿದ್ದರು. ಮಡಚಿಟ್ಟ ಕೊಡೆಗಳ ನೀರು ಸಿಮೆಂಟಿನ ನೆಲದ ಮೇಲೆ ಹರಿದು ಬಾಗಿಲ ತನಕ ಬಂದಿತ್ತು. ಒಬ್ಬರು ಮೊಬೈಲಿನಲ್ಲಿ ತಗ್ಗಿದ ದನಿಯಲ್ಲಿ, "ನೀವು ಒಂದು ಮಾತು ಹೇಳಿದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತಿದ್ದರು. ಅವರ ಪಕ್ಕದಲ್ಲಿ ಕೂತ ಹುಡುಗಿ ನೆಲ ನೋಡುತ್ತಿದ್ದಳು. ಒದ್ದೆ ಕೊಡೆಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ನಿಂತುಬಿಟ್ಟೆ. ನಾನು ಈಗ ಬೈಂದೂರು ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಎಷ್ಟೋ ಪರೀಕ್ಷೆಗಳನ್ನು ನಡೆಸಿದವಳು. ಆದರೂ ಆ ಜಗಲಿಯಲ್ಲಿ ನಿಂತ ಹೊತ್ತು ನಾನು ಮತ್ತೆ ತೊಂಬತ್ತೊಂಬತ್ತರ ಮಳೆಗಾಲದ ಹುಡುಗಿಯೇ ಆಗಿದ್ದೆ.

ಆ ವರ್ಷ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ನಮ್ಮ ಮನೆ ಬೀಜಾಡಿಯಲ್ಲಿ, ಕಡಲಿಗೆ ತೀರಾ ಹತ್ತಿರ. ಜೂನ್ ಬಂತೆಂದರೆ ಮನೆಯೊಳಗೂ ದನಿ ಎತ್ತಿಯೇ ಮಾತಾಡಬೇಕು, ಇಲ್ಲದಿದ್ದರೆ ತೆರೆಯ ಸದ್ದಿಗೆ ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಅಮ್ಮ ಮೀನು ಮಾರುತ್ತಿದ್ದಳು. ಮಳೆಗಾಲದಲ್ಲಿ ದೋಣಿ ಇಳಿಯದಾಗ ಒಣಮೀನು ಹೊತ್ತು ಕೋಟೇಶ್ವರದ ಮನೆಮನೆಗೆ ಹೋಗುತ್ತಿದ್ದಳು. ಅಪ್ಪಯ್ಯ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಕಡಲಿಗೆ ಹೋಗುತ್ತಿರಲಿಲ್ಲ. ಅವರ ಅಣ್ಣ ಗಂಗೊಳ್ಳಿಯ ಅಳಿವೆ ಬಾಯಲ್ಲಿ ದೋಣಿ ಮಗುಚಿ ಹೋದ ಮೇಲೆ ನನ್ನ ಅಜ್ಜಿ ಅಪ್ಪಯ್ಯನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳಂತೆ, ನೀನು ದೋಣಿ ಹತ್ತಬಾರದು ಎಂದು. ಹಾಗಾಗಿ ಅವರು ಈ ಕಾಲೇಜಿನಲ್ಲಿ ಅಟೆಂಡರ್ ಆದರು. ಹೆಸರು ಶೀನ. ಕಾಲೇಜಿನಲ್ಲಿ ಎಲ್ಲರಿಗೂ ಶೀನಣ್ಣ.

ಬೆಲ್ಲು ಹೊಡೆಯುವುದು, ಬಾಗಿಲು ತೆಗೆಯುವುದು, ನೀರು ತುಂಬಿಸುವುದು, ಅಂಚೆಗೆ ಹೋಗುವುದು ಎಲ್ಲ ಅವರದೇ. ಪರೀಕ್ಷೆ ಹತ್ತಿರ ಬಂದಾಗ ಪ್ರಶ್ನೆಪತ್ರಿಕೆಗಳ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುವುದೂ ಅವರ ಕೆಲಸವಾಗಿತ್ತು. ಅಂಥ ದಿನಗಳಲ್ಲಿ ಅವರು ಉಗುರಿನ ಸಂದಿಯಲ್ಲಿ ಕಪ್ಪು ಶಾಯಿ ತುಂಬಿಕೊಂಡು ಬರುತ್ತಿದ್ದರು. ಬಾವಿಕಟ್ಟೆಯಲ್ಲಿ ತೆಂಗಿನ ನಾರು ಹಾಕಿ ಎಷ್ಟು ತಿಕ್ಕಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ.

ಕಾಲೇಜಿನಲ್ಲಿ ಕೆಲವು ವರ್ಷದ ಹಿಂದೆ ಪಿಯುಸಿ ವಿಜ್ಞಾನಕ್ಕೆ ಒಂದು ವಿಶೇಷ ವಿಭಾಗ ತೆರೆದಿದ್ದರು. ಅದಕ್ಕೆ ಬೇರೆಯೇ ಪ್ರವೇಶ ಪರೀಕ್ಷೆ. ಸೇರಿದವರಿಗೆ ಒಳ್ಳೆಯ ಪ್ರಯೋಗಾಲಯ, ಸಂಜೆ ಸಿಇಟಿ ತರಗತಿ, ಮಂಗಳೂರಿನಿಂದ ಬಂದು ಪಾಠ ಮಾಡುವ ಲೆಕ್ಚರರುಗಳು. ಸೀಟು ನಲವತ್ತೇ. ಬೈಂದೂರಿನಿಂದ ಬ್ರಹ್ಮಾವರದ ತನಕ ಮಕ್ಕಳಿದ್ದ ಎಲ್ಲ ಮನೆಗಳಲ್ಲೂ ಆ ನಲವತ್ತರದೇ ಮಾತು. ಅಲ್ಲಿ ಸೇರಿದರೆ ಡಾಕ್ಟರೋ ಇಂಜಿನಿಯರೋ ಆದ ಹಾಗೆಯೇ ಎಂದು ಜನ ನಂಬಿದ್ದರು. ನನಗೆ ಗಣಿತ ಎಂದರೆ ಊಟ ಮರೆಯುವಷ್ಟು ಇಷ್ಟ. ನಮ್ಮ ಹೈಸ್ಕೂಲಿನ ಮೇಷ್ಟ್ರು ತಾವೇ ಅರ್ಜಿ ತುಂಬಿಸಿ ಕಳಿಸಿದರು.

ಅರ್ಜಿ ಹೋದ ಮರುದಿನ ಅಪ್ಪಯ್ಯ ಪ್ರಿನ್ಸಿಪಾಲರ ಕೋಣೆಗೆ ಹೋದರು. ಏನು ಹೇಳಿದರೆಂಬುದನ್ನು ಆ ಸಂಜೆಯೇ ಮನೆಯಲ್ಲಿ ಅಮ್ಮನಿಗೆ ಹೇಳಿದರು.

"ಸರ್, ಈ ಸಲ ನನ್ನ ಮಗಳ್ ಬರೀತಳ್. ಪೇಪರಿನ ಕೆಲ್ಸ ನಂಗೆ ಬ್ಯಾಡ, ಬೇರೆ ಯಾರಿಗಾರೂ ಕೊಡಿ, ಅಂದೆ."

"ಅವ್ರ್ ಎಂತ ಹೇಳ್ರ್?" ಅಮ್ಮ ಕೇಳಿದಳು.

"ಒಳ್ಳೇದಾಯ್ತ್ ಶೀನ, ನೀನೇ ಬಂದ್ ಹೇಳ್ದೆ ಅಲ್ದಾ, ಅಂದೇಳಿ ಖುಷಿ ಪಟ್ರ್. ಮಿಷನ್ ಕೋಣಿ ಕೀಲಿಕೈ ಅವ್ರ್ ಕೈಯಂಗೇ ಕೊಟ್ ಬಂದೆ."

ಆ ವಾರವೆಲ್ಲ ಅಪ್ಪಯ್ಯ ಕಾಲೇಜಿನ ಹಿತ್ತಲಿನ ನೀರಿನ ಟ್ಯಾಂಕು ತೊಳೆಯುವುದು, ಮಾಡಿನ ಹಂಚಿನ ಮೇಲಿನ ಕಸ ತೆಗೆಯುವುದು ಇಂಥದ್ದೇ ಕೆಲಸ ಮಾಡಿದರು. ಅವರ ಉಗುರು ಸ್ವಚ್ಛವಾಗಿತ್ತು. ನಾನು ಏನು ಓದುತ್ತಿದ್ದೇನೆ ಎಂದು ಕೂಡ ಕೇಳಲಿಲ್ಲ.

ಪರೀಕ್ಷೆಯ ದಿನ ಭಾನುವಾರ. ನಾನೂ ವಿನುತಾಳೂ ಒಂದೇ ಬಸ್ಸಿನಲ್ಲಿ ಹೋದೆವು. ವಿನುತಾ ನನ್ನ ಹೈಸ್ಕೂಲಿನ ಬೆಂಚಿನ ಜೊತೆಗಾತಿ. ಅವಳ ತಂದೆ ಸದಾನಂದರಿಗೆ ಗೇರುಬೀಜದ ಕಾರ್ಖಾನೆ ಇತ್ತು. ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವರಿದ್ದರು. ಅವರ ಮನೆಯಲ್ಲಿ ಕಾರಿತ್ತು, ಆದರೆ ವಿನುತಾ ಹಟ ಹಿಡಿದು ನನ್ನ ಜೊತೆ ಬಸ್ಸಿಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಒಂದೇ ಕೊಡೆಯಲ್ಲಿ ನಡೆದೆವು. ಗಾಳಿಗೆ ಕೊಡೆ ಮಗುಚಿಕೊಂಡಾಗ ಇಬ್ಬರೂ ನಕ್ಕೆವು. ಅವಳ ಕೈ ಮಾತ್ರ ತಣ್ಣಗಿತ್ತು. "ನಂಗೆ ಆತಿಲ್ಲ ಜ್ಯೋತಿ, ಸೀಟ್ ಸಿಕ್ದಿದ್ರೆ ಅಪ್ಪ ನನ್ನ ಮನಿಯೊಳ್ಗೆ ಸೇರ್ಸುದಿಲ್ಲ" ಎಂದಳು. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಪತ್ರಿಕೆ ಕಷ್ಟವಿತ್ತು. ಆದರೆ ಕಷ್ಟದ ಲೆಕ್ಕ ಕಂಡರೆ ನನಗೆ ಹುರುಪು. ಕೊನೆಯ ಲೆಕ್ಕಕ್ಕೆ ಉತ್ತರ ಬಂದಾಗ ಹೊರಗೆ ಬೆಲ್ಲಾಯಿತು. ಹೊಡೆದವರು ಅಪ್ಪಯ್ಯ ಎಂದು ಬೆಲ್ಲಿನ ಪೆಟ್ಟಿನಿಂದಲೇ ತಿಳಿಯಿತು. ಮೊದಲ ಪೆಟ್ಟು ಗಟ್ಟಿ, ಆಮೇಲಿನವು ಒಂದೇ ಸಮ.

ಫಲಿತಾಂಶದ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದವರೂ ಅಪ್ಪಯ್ಯನೇ. ನಾನು ಮೂರನೆಯವಳು. ಆ ಸಂಜೆ ಅವರು ಬಸ್ಸಿಳಿದು ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದರು. ಮನೆಗೆ ಬಂದು ಮಾತ್ರ ಏನೂ ಹೇಳದೆ ಅಂಗಿ ಬಿಚ್ಚಿ ಹಗ್ಗಕ್ಕೆ ಹಾಕಿ, ಅಜ್ಜಿಯ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತರು. ಅಮ್ಮ ಮಾರಲು ಇಟ್ಟಿದ್ದ ಒಣಸಿಗಡಿಯಲ್ಲೇ ಒಂದು ಬೊಗಸೆ ತೆಗೆದು ಚಟ್ನಿ ಅರೆದಳು. ವಿನುತಾಳ ಹೆಸರು ನಲವತ್ತರಲ್ಲಿ ಇರಲಿಲ್ಲ. ಕೆಳಗೆ ಬೇರೆಯಾಗಿ ಬರೆದ ಹೆಸರುಗಳಲ್ಲಿ, ಯಾರಾದರೂ ಬಿಟ್ಟರೆ ಸಿಗುವ ಸೀಟಿಗೆ, ಅವಳದೇ ಮೊದಲ ಹೆಸರು.

ನಾಲ್ಕೈದು ದಿನ ಕಳೆದಿರಬೇಕು. ಅಮ್ಮ ಮಧ್ಯಾಹ್ನಕ್ಕೆ ಮೊದಲೇ ಬುಟ್ಟಿ ಹೊತ್ತು ವಾಪಸು ಬಂದಳು. ಬುಟ್ಟಿಯಲ್ಲಿ ಮೀನು ಹಾಗೇ ಇತ್ತು. ಒದ್ದೆ ಸೆರಗು ಹಿಂಡಿ ಮೆಟ್ಟಿಲ ಮೇಲೆ ಕೂತವಳು ನನ್ನನ್ನೇ ನೋಡಿದಳು.

"ಹೆಣೆ ಜ್ಯೋತಿ, ಅಪ್ಪಯ್ಯ ನಿಂಗೆ ಪೇಪರ್ ತಂದ್ ತೋರ್ಸಿದ್ರಾ?"

ನನಗೆ ಅರ್ಥವಾಗಲಿಲ್ಲ. ಅಮ್ಮ ವರ್ಷಗಟ್ಟಲೆ ಮೀನು ಕೊಡುತ್ತಿದ್ದ ಒಂದು ಮನೆಯಲ್ಲಿ, ಅಂಗಳದಲ್ಲಿ ಬುಟ್ಟಿ ಇಳಿಸುವ ಮೊದಲೇ ಆ ಮನೆಯಾಕೆ ಕೇಳಿದ್ದಳಂತೆ: "ಮನೆಯಲ್ಲೇ ಪೇಪರ್ ಅಚ್ಚು ಹಾಕುವವರಿದ್ದರೆ ನಮ್ಮ ಮಕ್ಕಳೂ ಮೂರನೆಯವರಾಗುತ್ತಿದ್ದರು, ಅಲ್ಲವಾ?" ಅಮ್ಮ ಬುಟ್ಟಿ ಇಳಿಸದೆ ಹಾಗೇ ತಿರುಗಿ ಬಂದಿದ್ದಳು.

"ಇಲ್ಲ ಅಮ್ಮ, ಅಪ್ಪಯ್ಯ ಈ ಸಲ ಆ ಕೋಣಿಗೇ ಹೋಯ್ಲಿಲ್ಲ. ನಿಂಗೂ ಗೊತ್ತಿತ್ತಲ್ದಾ?"

"ನಂಗ್ ಗೊತ್ತಿತ್ತ್. ನಂಗ್ ಗೊತ್ತಿದ್ರೆ ಎಂತ ಆತ್ತ್?" ಎಂದಳು ಅಮ್ಮ.

ಎರಡು ದಿನದೊಳಗೆ ಕೆಲವು ಪೋಷಕರು ಸಹಿ ಹಾಕಿ ಮಂಡಳಿಗೆ ಮನವಿ ಕೊಟ್ಟರು. ಬಡವರ ಮೇಲೆ ತಮಗೆ ಸಿಟ್ಟಿಲ್ಲ, ಆದರೆ ಪ್ರವೇಶ ನ್ಯಾಯವಾಗಿ ನಡೆಯಬೇಕು, ಸಿಬ್ಬಂದಿಯ ಮಕ್ಕಳಿಗೆ ಒಳದಾರಿ ಇರಬಾರದು ಎಂದು ಅದರಲ್ಲಿ ಇತ್ತಂತೆ. ಅದನ್ನು ಮಂಡಳಿಯ ಮುಂದಿಟ್ಟವರು ಸದಾನಂದರು. ಅಪ್ಪಯ್ಯನನ್ನು ಕರೆಸಿದರು.

ಆ ದಿನ ಅಪ್ಪಯ್ಯ ಬಂದಾಗ ಕತ್ತಲಾಗಿರಲಿಲ್ಲ, ಆದರೆ ಮೋಡಕ್ಕೆ ಮನೆಯೊಳಗೆ ದೀಪ ಹಚ್ಚಿದ್ದೆವು. ಅಮ್ಮ ಕೊಟ್ಟ ಚಾ ಹಿಡಿದುಕೊಂಡು ಕೂತೇ ಇದ್ದರು, ಕುಡಿಯಲಿಲ್ಲ.

"ನಿಂತ್ಕಂಡೇ ಇದ್ದೆ. ಎಲ್ರೂ ಕೇಳ್ರ್. ನೀನ್ ಪೇಪರ್ ಮುಟ್ಲಿಲ್ಲ ಅಂಬುಕೆ ಎಂತ ಸಾಕ್ಷಿ ಅಂದ್ರ್. ಪ್ರಿನ್ಸಿಪಾಲ್ರ್ ಹತ್ರ ಕೇಳಿ ಅಂದೆ. ಕೀಲಿಕೈ ಅವ್ರಿಗೇ ಕೊಟ್ಟಿದ್ದೆ ಅಂದೆ."

"ಮತ್ತೆ?" ಅಮ್ಮ ಕೇಳಿದಳು.

"ಅವ್ರ್ ಕಿಟಕಿ ಬದಿಗ್ ಕಂಡ್ಕಂಡ್ ಕೂತಿದ್ರ್."

"ಎಂತದೂ ಹೇಳ್ಲಿಲ್ಯಾ?"

ಅಪ್ಪಯ್ಯ ತಲೆ ಅಲ್ಲಾಡಿಸಿದರು. ಚಾ ಲೋಟ ಕೆಳಗಿಟ್ಟು ಹೇಳಿದರು: "ಸದಾನಂದ್ರ್ ಅವ್ರತ್ರ ಕೇಳ್ರ್, ಹೌದಾ ಸರ್ ಅಂದೇಳಿ. ಆಗ, ಪರೀಕ್ಷಿ ಗಡಿಬಿಡಿಯಂಗೆ ಎಲ್ಲ ನೆನಪಿರುದಿಲ್ಲ, ಅಂದ್ರ್."

ಆ ವರ್ಷ ಪ್ರಿನ್ಸಿಪಾಲರ ನಿವೃತ್ತಿ ಇತ್ತು ಎಂದೂ, ಇನ್ನೆರಡು ವರ್ಷ ಮುಂದುವರಿಸಬೇಕೋ ಬೇಡವೋ ಎಂಬುದು ಅದೇ ಮಂಡಳಿಯ ಕೈಯಲ್ಲಿತ್ತು ಎಂದೂ ನನಗೆ ತಿಳಿದದ್ದು ಬಹಳ ತಡವಾಗಿ. ಅವರು ಕೆಟ್ಟವರಲ್ಲ. ನನ್ನ ಅಪ್ಪಯ್ಯನಿಗೆ ಹಬ್ಬಕ್ಕೆ ಪಂಚೆ ಕೊಡುತ್ತಿದ್ದರು. ನನ್ನ ಅಂಕಪಟ್ಟಿ ನೋಡಿ ಬೆನ್ನು ತಟ್ಟಿದ್ದರು. ಅದಕ್ಕೇ ಆ ಮಾತು ಅಪ್ಪಯ್ಯನಿಗೆ ಅಷ್ಟು ನಾಟಿತು. ಸದಾನಂದರ ಮೇಲೆ ಅಪ್ಪಯ್ಯ ಕೊನೆಯವರೆಗೂ ಒಂದು ಬೈಗುಳ ಆಡಲಿಲ್ಲ. ಅವರು ತಮ್ಮ ಮಗಳಿಗಾಗಿ ಮಾಡಿದರು ಬಿಡು ಎನ್ನುತ್ತಿದ್ದರು. ಪ್ರಿನ್ಸಿಪಾಲರ ಹೆಸರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

ಮಂಡಳಿಯ ತೀರ್ಮಾನ ಇಷ್ಟು: ನನಗೆ ಮತ್ತೆ ಪರೀಕ್ಷೆ. ಹೊಸ ಪತ್ರಿಕೆ, ಪೋಷಕರ ಎದುರಿನಲ್ಲೇ. ನಲವತ್ತರೊಳಗೆ ಬರುವಷ್ಟು ಅಂಕ ಬಂದರೆ ಸೀಟು ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

"ನಾನ್ ಹೋತಿಲ್ಲ" ಎಂದೆ. "ಕಳ್ಳಿ ಅಂದೇಳಿ ಒಪ್ಪಿಕಂಡ ಹಾಂಗೆ ಆತ್ತ್."

ಅಮ್ಮನೂ ಅದನ್ನೇ ಹೇಳಿದಳು. "ಬ್ಯಾಡ ಕಾಣಿ. ಸರ್ಕಾರಿ ಕಾಲೇಜಿಗೆ ಹೋಯ್ಲಿ. ಅಲ್ಲಿಯೂ ಮಕ್ಕಳ್ ಓದ್ತ್ವಲ್ದಾ?"

ಅಪ್ಪಯ್ಯ ನನ್ನ ಕಡೆ ತಿರುಗಿ ಕೂತರು. "ನೀನ್ ಹೋಗ್ದಿದ್ರೆ, ಶೀನನ ಮಗಳ್ ಹೆದ್ರಿ ಓಡ್ದಳ್ ಅಂತ್ರ್. ನಿಂಗೆ ಬತ್ತಿಲ್ಯಾ ಲೆಕ್ಕ?"

"ಬತ್ತ್."

"ಹಾಂಗಾರೆ ಬರಿ. ನನ್ನ ವಿಷ್ಯ ನಾನ್ ಕಾಣ್ತೆ."

ಕೊನೆಯ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಆ ಪರೀಕ್ಷೆ ನಡೆದದ್ದು ಮಂಡಳಿಯ ಸಭೆ ಸೇರುವ ಕೋಣೆಯಲ್ಲಿ. ಉದ್ದದ ಮೇಜು, ಒಂದು ತುದಿಗೆ ನಾನು. ಎದುರಿಗೆ ಗಣಿತದ ಲೆಕ್ಚರರು. ಗೋಡೆಯ ಬದಿಗೆ ಸಾಲಾಗಿ ಮೂವರು ಪೋಷಕರು. ಸದಾನಂದರು, ಒಬ್ಬ ಡಾಕ್ಟರು, ಮತ್ತೆ ಹೆಸರು ಗೊತ್ತಿಲ್ಲದ ಒಬ್ಬ ಹೆಂಗಸು. ಆಕೆ ಬಂದವಳೇ ನನ್ನ ಕಂಪಾಸ್ ಪೆಟ್ಟಿಗೆ ತೆಗೆಸಿ ಒಳಗೆ ನೋಡಿದಳು. ಆಮೇಲೆ ನನ್ನ ಕೈಯ ಎರಡೂ ಬದಿ ತಿರುಗಿಸಿ ನೋಡಿದಳು. ಅವಳ ಬೆರಳು ಬಿಸಿಯಾಗಿದ್ದವು. ನನ್ನ ಕೈಯಲ್ಲಿ ಬೆಳಿಗ್ಗೆ ಅಮ್ಮನಿಗೆ ಬುಟ್ಟಿ ಹೊರಿಸಿದ್ದರ ವಾಸನೆ ಇತ್ತೇನೋ, ಆಕೆ ತನ್ನ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು.

ಸದಾನಂದರು ಮೆಲ್ಲಗೆ, ಮನೆಯವರಂತೆಯೇ ಮಾತಾಡಿದರು. "ಇದು ಯಾರ ಮೇಲಿನ ದ್ವೇಷವೂ ಅಲ್ಲ ಮಗಾ. ನೀನು ನಮ್ಮ ವಿನುತಾಳ ಸ್ನೇಹಿತೆ. ಆದರೆ ಎಲ್ಲ ಮಕ್ಕಳಿಗೂ ನ್ಯಾಯ ಸಿಗಬೇಕಲ್ಲ?"

ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. "ಹಾಂಗಾರೆ ಎಲ್ಲ ಮಕ್ಕಳ್ ಹತ್ರವೂ ಬರೆಸಿ ಸರ್" ಎಂದೆ.

ಲೆಕ್ಚರರು ಪತ್ರಿಕೆಯನ್ನು ನನ್ನ ಮುಂದೆ ಸರಿಸಿ, "ಬರಿ" ಎಂದರು.

ಮೊದಲ ಲೆಕ್ಕ ನೋಡಿದೆ. ಅಕ್ಷರ ಕಂಡವು, ಅರ್ಥ ಬರಲಿಲ್ಲ. ಎರಡನೆಯದೂ ಹಾಗೆಯೇ. ಹಿಂದೆ ಯಾರೋ ಕುರ್ಚಿ ಎಳೆದರು, ಡಾಕ್ಟರು ಕೆಮ್ಮಿದರು, ಹೆಂಗಸು ಪಿಸುದನಿಯಲ್ಲಿ ಏನೋ ಕೇಳಿದಳು. ಒಂದೊಂದು ಸದ್ದಿಗೂ ನನ್ನ ಪೆನ್ನು ನಿಲ್ಲುತ್ತಿತ್ತು. ಬರದಿದ್ದರೆ ನಾನು ಕಳ್ಳಿ, ಅಪ್ಪಯ್ಯ ಕಳ್ಳ. ಸರಿ ಬಂದರೂ ಇವರೆಲ್ಲ ನಂಬುತ್ತಾರೆಂಬ ಭರವಸೆ ಇಲ್ಲ. ಕಣ್ಣಲ್ಲಿ ನೀರು ತುಂಬಿ ಅಂಕಿ ಎರಡೆರಡಾದವು. ಒರೆಸಿಕೊಂಡರೆ ಅವರಿಗೆ ಕಾಣುತ್ತದೆಂದು ತಲೆ ಬಗ್ಗಿಸಿಯೇ ಇದ್ದೆ. ಹೊರಗೆ ಮಳೆ ಒಮ್ಮೆಲೇ ಜೋರಾಯಿತು, ಹಂಚಿನ ಮೇಲೆ ಕಲ್ಲು ಸುರಿದಂತೆ. ಆ ಸದ್ದಿನಲ್ಲಿ ಕುರ್ಚಿ, ಕೆಮ್ಮು, ಪಿಸುಮಾತು ಎಲ್ಲ ಮುಳುಗಿದವು. ಕಡಲಿನ ಪಕ್ಕದಲ್ಲಿ ಕೂತು ಓದಿದವಳಿಗೆ ಅಂಥ ಸದ್ದೇ ನಿಶ್ಶಬ್ದ. ಅಲ್ಲಿಂದ ಮುಂದೆ ಬರೆದೆ. ಎರಡು ಲೆಕ್ಕ ತಪ್ಪಿದೆ ಎಂದು ಕೊಡುವಾಗಲೇ ಗೊತ್ತಿತ್ತು.

ಹೊರಗೆ ಬಂದಾಗ ಅಪ್ಪಯ್ಯ ಜಗಲಿಯ ಕೊನೆಯಲ್ಲಿ ನಿಂತಿದ್ದರು. ಮೈಮೇಲೆ ಕಾಲೇಜಿನ ಖಾಕಿ ಅಂಗಿ ಇರಲಿಲ್ಲ, ಮನೆಯ ಬಿಳಿ ಅಂಗಿ. ಖಾಕಿಯನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಚೇರಿಯ ಮೇಜಿನ ಮೇಲಿಟ್ಟು ಬಂದಿದ್ದರು. ನಾನು ಒಳಗೆ ಲೆಕ್ಕ ಮಾಡುತ್ತಿದ್ದ ಹೊತ್ತಿಗೇ ಅವರು ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಿದ್ದರು.

"ಎಂತಕೆ ಅಪ್ಪಯ್ಯ?"

"ನಾನ್ ಇಲ್ಲಿದ್ರೆ ನೀನ್ ಎಂತ ಬರೆದ್ರೂ ಅದ್ ನಂದೇ ಅಂತ್ರ್. ನಾಳಿಂದ ನಾನ್ ಇಲ್ಲ. ಇನ್ ಮೇಲೆ ನೀನ್ ಬರೆದದ್ ನಿಂದೇ." ಇಷ್ಟು ಹೇಳಿ ಕೊಡೆ ಬಿಚ್ಚಿದರು. "ಬಾ, ಬಸ್ ತಪ್ತ್."

ನಾನು ಪಾಸಾದೆ. ಮೂರನೆಯ ಸ್ಥಾನದಿಂದ ಕೆಳಗಿಳಿದಿದ್ದೆ, ಆದರೆ ನಲವತ್ತರೊಳಗೇ ಇದ್ದೆ. ಆ ಸುದ್ದಿ ಬಂದ ಮರುವಾರ ಇನ್ನೊಂದು ಸುದ್ದಿ ಬಂತು. ಬೇಡಿಕೆ ಹೆಚ್ಚಿರುವುದರಿಂದ ಮಂಡಳಿ ವಿಶೇಷ ವಿಭಾಗದ ಸೀಟನ್ನು ಐವತ್ತಕ್ಕೆ ಏರಿಸಿತ್ತು. ಪ್ರಯೋಗಾಲಯದಲ್ಲಿ ಒಂದು ಮೇಜು ಹೆಚ್ಚು ಹಾಕಿದರು, ತರಗತಿಯಲ್ಲಿ ಎರಡು ಬೆಂಚು. ಅಷ್ಟೇ ಬೇಕಾಗಿದ್ದದ್ದು. ವಿನುತಾ ಸೇರಿದಳು. ಡಾಕ್ಟರ ಮಗನೂ ಸೇರಿದ. ಮೊದಲ ದಿನವೇ ಆ ಬೆಂಚು ತಂದು ಹಾಕಿದ್ದರೆ ನನ್ನ ಅಪ್ಪಯ್ಯ ಆ ಕೋಣೆಯಲ್ಲಿ ನಿಲ್ಲಬೇಕಾಗಿರಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿದವು. ಅಪ್ಪಯ್ಯ ಅಜ್ಜಿಯ ಆಣೆ ಮುರಿಯಲಿಲ್ಲ. ಗಂಗೊಳ್ಳಿಯ ಐಸ್ ಪ್ಲಾಂಟಿಗೆ ಕೂಲಿಗೆ ಸೇರಿದರು. ಮಂಜುಗಡ್ಡೆಯ ದಿಂಡುಗಳನ್ನು ಕೊಕ್ಕೆಯಲ್ಲಿ ಎಳೆದು, ಪುಡಿಮಾಡಿ, ಬೋಟಿಗೆ ತುಂಬುವ ಕೆಲಸ. ಬರುವಾಗ ಅವರ ಅಂಗಿ ಮೂಗು ಸುಡುವ ಅಮೋನಿಯಾ ನಾರುತ್ತಿತ್ತು. ಬೆರಳುಗಳು ಊದಿ, ಚರ್ಮ ಬಿರಿದು, ಅನ್ನ ಕಲಸುವಾಗ ಉಪ್ಪು ತಾಗಿದರೆ ಹಲ್ಲು ಕಚ್ಚುತ್ತಿದ್ದರು. ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದಳು. ನಾನು ಪುಸ್ತಕ ಹಿಡಿದು ಒಳಗೆ ಕೂತಿರುತ್ತಿದ್ದೆ.

ಕಾಲೇಜಿನಲ್ಲಿ ಬೇರೆ ಯಾರೋ ಬೆಲ್ಲು ಹೊಡೆಯುತ್ತಿದ್ದರು. ನಾನು ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಸೇರಿ ಕೆಲವು ದಿನದ ಮೇಲೆ ವಿನುತಾ ಪ್ರಯೋಗಾಲಯದ ಹಿಂದಿನ ಮೆಟ್ಟಿಲ ಹತ್ತಿರ ನನ್ನನ್ನು ತಡೆದಳು.

"ಮಿಷನ್ ವಿಷ್ಯ ಮನೆಯಲ್ಲಿ ಹೇಳಿದ್ದು ನಾನೇ ಜ್ಯೋತಿ" ಎಂದಳು. "ಪಟ್ಟಿ ಬಂದ ದಿನ ಅಪ್ಪ ಊಟಕ್ಕೆ ಕೂಕಂಡ್, ಅಟೆಂಡರ್ ಮಗಳಿಗೆ ಬಪ್ಪುದ್ ನಿಂಗೆಂತಕೆ ಬತ್ತಿಲ್ಲ ಅಂದೇಳಿ ಬೈತಾ ಇದ್ರ್. ತಟ್ಟೆ ಎತ್ತಿ ಬಿಸಾಡ್ರ್. ಹೆದ್ರಿಕೆಗೆ ಬಾಯಿಗ್ ಬಂದದ್ ಹೇಳ್ದೆ, ಅವ್ಳ ಅಪ್ಪಯ್ಯನೇ ಪೇಪರ್ ತೆಗೂದ್ ಅಂದೇಳಿ. ಅಪ್ಪ ಬೈಯುದ್ ನಿಲ್ಸಿದ್ರ್. ಅಷ್ಟೇ ನಂಗೆ ಬೇಕಿದ್ದದ್."

ಅವಳು ಅಳುತ್ತಿದ್ದಳು. ನನಗೆ ಬೈಯಲೂ ಆಗಲಿಲ್ಲ, ಸಮಾಧಾನ ಮಾಡಲೂ ಆಗಲಿಲ್ಲ. "ಕ್ಲಾಸಿಗ್ ಹೊತ್ತಾಯ್ತ್" ಎಂದು ಹೇಳಿ ನಡೆದುಬಿಟ್ಟೆ. ಅವಳಿಗೆ ಭೌತಶಾಸ್ತ್ರ ತಲೆಗೆ ಹತ್ತುತ್ತಿರಲಿಲ್ಲ. ಪ್ರತಿ ಕಿರುಪರೀಕ್ಷೆಯ ಹಿಂದಿನ ದಿನ ಅವಳಿಗೆ ಜ್ವರ. ತಲೆಗೂದಲು ಕಿತ್ತುಕೊಳ್ಳುವ ಅಭ್ಯಾಸ ಹತ್ತಿ ನೆತ್ತಿಯ ಮೇಲೆ ಬೋಳು ಕಾಣತೊಡಗಿತ್ತು. ರಿಬ್ಬನ್ ಅಗಲ ಮಾಡಿ ಮುಚ್ಚಿಕೊಳ್ಳುತ್ತಿದ್ದಳು. ಎರಡನೆಯ ವರ್ಷದ ನಡುವೆ ಒಂದು ಸೋಮವಾರದಿಂದ ಅವಳು ಬರಲಿಲ್ಲ. ಮುಂಬೈಯ ಚಿಕ್ಕಮ್ಮನ ಮನೆಗೆ ಕಳಿಸಿದರು ಎಂದರು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಮೊದಲ ವರ್ಷದ ದಸರಾ ರಜೆಗೆ ಮುಂಚೆ ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕೋಣೆಗೆ ಕರೆದಿದ್ದರು. ಅವರ ಅವಧಿ ಮುಂದುವರಿದಿತ್ತು. ಕನ್ನಡಕ ತೆಗೆದು ಒರೆಸುತ್ತಾ, "ಅಪ್ಪನಿಗೆ ಹೇಳು, ಬೇಕಾದರೆ ವಾಪಸು ಬರಲಿ. ಈಗಿನವನು ಸರಿಯಿಲ್ಲ. ಎಲ್ಲ ತಣ್ಣಗಾಗಿದೆ, ಯಾರೂ ಏನೂ ಅನ್ನುವುದಿಲ್ಲ" ಎಂದರು.

ಓಡಿದಂತೆಯೇ ಮನೆಗೆ ಹೋಗಿ ಹೇಳಿದೆ. ಅಮ್ಮ ಎಣ್ಣೆ ಹಚ್ಚುತ್ತಿದ್ದ ಕೈ ನಿಲ್ಲಿಸಿ ಅಪ್ಪಯ್ಯನ ಮುಖ ನೋಡಿದಳು. ಅವಳಿಗೆ ಅವರು ಹೋಗಬೇಕೆಂದಿತ್ತು. ನನಗೂ.

"ಶೀನ ಕದ್ದಿಲ್ಲ ಅಂದೇಳಿ ಅವತ್ ಕೂತವ್ರ್ ಎದ್ರಿಗೆ ಹೇಳ್ತ್ರಾ?" ಅಪ್ಪಯ್ಯ ಕೇಳಿದರು.

"ಅದ್ ಹೇಳ್ಲಿಲ್ಲ."

"ಹಾಂಗಾರೆ ನಾನ್ ಹೋದ್ರೆ, ಕದ್ದವನ್ನ ದೊಡ್ಡ ಮನಸ್ ಮಾಡಿ ಸೇರ್ಸ್ಕಂಡ್ರ್ ಅಂತಾತ್ತ್." ಅವರು ಕೈಯನ್ನು ಮತ್ತೆ ಅಮ್ಮನ ಮುಂದೆ ಚಾಚಿದರು. "ಆ ಕೆಲ್ಸ ನಂಗ್ ಬ್ಯಾಡ."

ಅಮ್ಮ ಎಣ್ಣೆ ಹಚ್ಚಿದಳು. ಮತ್ತೆ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ಸಿಇಟಿಯಲ್ಲಿ ನನಗೆ ಒಳ್ಳೆಯ ರ‍್ಯಾಂಕೇ ಬಂದಿತ್ತು. ಆದರೆ ದೂರದ ಊರಿಗೆ ಹೋಗಿ ಇಂಜಿನಿಯರಿಂಗ್ ಓದುವ ಆಸೆಯೇ ನನ್ನಲ್ಲಿ ಸತ್ತುಹೋಗಿತ್ತು. ಅಪ್ಪಯ್ಯನ ಎದೆಯಲ್ಲಿ ಆಗಲೇ ಕೆಮ್ಮು ಕೂತಿತ್ತು. ಬಿಎಸ್ಸಿ, ಬಿಎಡ್ ಮಾಡಿ ಕೆಲಸಕ್ಕೆ ಸೇರಿದೆ. ಮೊದಲ ಸಂಬಳ ಬಂದಾಗ ಐಸ್ ಪ್ಲಾಂಟು ಬಿಡಿ ಎಂದೆ. ಬಿಟ್ಟರು, ಆದರೆ ಕೆಮ್ಮು ಬಿಡಲಿಲ್ಲ. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದೆವು. ಶ್ವಾಸಕೋಶ ಹಾಳಾಗಿದೆ ಎಂದರು.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಅಪ್ಪಯ್ಯ ತೀರಿಕೊಂಡರು. ಬೆಳಿಗ್ಗೆ ಗಂಜಿ ಕುಡಿದು, ಸ್ವಲ್ಪ ಮಲಗುತ್ತೇನೆ ಎಂದವರು ಏಳಲಿಲ್ಲ. ಅಂಗಳಕ್ಕೆ ಟಾರ್ಪಾಲು ಕಟ್ಟಿ ಅದರಡಿ ಮಲಗಿಸಿದ್ದರು. ಕೇರಿಯವರೆಲ್ಲ ಸೇರಿದ್ದರು. ಐಸ್ ಪ್ಲಾಂಟಿನವರೂ ಬಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ಒಂದು ರಿಕ್ಷಾ ಬಂದು ನಿಂತಿತು. ಇಳಿದವರು ಪ್ರಿನ್ಸಿಪಾಲರು. ತುಂಬಾ ಮುದುಕರಾಗಿದ್ದರು. ಕೋಲೂರಿಕೊಂಡು ಮರಳಿನಲ್ಲಿ ಕಾಲು ಹೂತುಕೊಳ್ಳುತ್ತಾ ಬಂದು ಅಪ್ಪಯ್ಯನ ಕಾಲ ಬಳಿ ನಿಂತರು. ಜನ ಮಾತು ನಿಲ್ಲಿಸಿದರು. ಆಗ ಅವರು ಎಲ್ಲರಿಗೂ ಕೇಳುವಂತೆ, ಪಾಠ ಹೇಳುವ ದನಿಯಲ್ಲಿ ಹೇಳಿದರು:

"ಶೀನ ಆ ವರ್ಷ ಪೇಪರ್ ಮುಟ್ಟಲಿಲ್ಲ. ಪರೀಕ್ಷೆಗೆ ಮೊದಲೇ ಕೀಲಿಕೈ ತಂದು ನನ್ನ ಕೈಯಲ್ಲಿ ಕೊಟ್ಟಿದ್ದ. ನನಗೆ ಗೊತ್ತಿತ್ತು."

ಅಮ್ಮ ಅಪ್ಪಯ್ಯನ ತಲೆಯ ಬಳಿ ಕೂತಿದ್ದಳು, ಅವರ ಊದಿದ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು. ಅವಳು ತಲೆ ಎತ್ತಿದಳು. ಸಿಟ್ಟಿರಲಿಲ್ಲ, ದನಿಯೂ ಏರಿರಲಿಲ್ಲ.

"ಈಗ ಹೇಳ್ರೆ ಯಾರಿಗ್ ಕೇಳ್ತ್ ಸರ್?"

ಪ್ರಿನ್ಸಿಪಾಲರ ಹಿಂದೆಯೇ ಒಂದು ಖಾಲಿ ಕುರ್ಚಿ ಇತ್ತು. ಕೂರಿ ಎಂದು ಅಮ್ಮ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಅಪ್ಪಯ್ಯನನ್ನು ಎತ್ತುವವರೆಗೂ ಅವರು ಅಲ್ಲೇ, ಟಾರ್ಪಾಲಿನ ಅಂಚಿನ ನೀರು ಹೆಗಲ ಮೇಲೆ ಬೀಳುತ್ತಿದ್ದಲ್ಲೇ ನಿಂತಿದ್ದರು.